ಸಸ್ತನಿಗಳ ಮಿದುಳಿನ ಕಾರ್ಟೆಕ್ಸ್: ವಿಕಾಸ, ಬೆಳವಣಿಗೆ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಜೀವಶಾಸ್ತ್ರ ಓದುವವರು, ಸ್ಕ್ಯಾನ್ ವರದಿ ಹಿಡಿದು ಅರ್ಥ ಹುಡುಕುವ ತಂದೆತಾಯಿ, ಕುತೂಹಲದಿಂದ ಕೇಳುವವರು ಹೀಗೆ ಹಲವರ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಓದುವಾಗ ಒಂದು ಮಾತು ನೆನಪಿರಲಿ. ಕಾರ್ಟೆಕ್ಸಿನ ವಿಚಾರದಲ್ಲಿ ವಿಕಾಸ ಮತ್ತು ಭ್ರೂಣದ ಬೆಳವಣಿಗೆ ಎರಡು ಬೇರೆ ಪಾಠಗಳಲ್ಲ. ಯಾವ ಕೋಶ ಎಷ್ಟು ದಿನ, ಎಷ್ಟು ಸಲ ಒಡೆಯಬೇಕು ಎಂಬ ವೇಳಾಪಟ್ಟಿಯನ್ನು ಬದಲಿಸಿಯೇ ಪ್ರಕೃತಿ ಇಲಿಯ ಕಾರ್ಟೆಕ್ಸನ್ನೂ ಮನುಷ್ಯನದನ್ನೂ ಮಾಡಿದೆ. ಆ ವೇಳಾಪಟ್ಟಿ ತಪ್ಪಿದಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ.

ಕಾರ್ಟೆಕ್ಸ್ ಎಂದರೆ ಮಿದುಳಿನ ಯಾವ ಭಾಗ?

ಮಿದುಳನ್ನು ಮೇಲಿನಿಂದ ನೋಡಿದಾಗ ಕಣ್ಣಿಗೆ ಬೀಳುವ ಬೂದುಬಣ್ಣದ ಹೊರಪದರವೇ ಕಾರ್ಟೆಕ್ಸ್. ಮನುಷ್ಯರಲ್ಲಿ ಇದರ ದಪ್ಪ 2ರಿಂದ 4 ಮಿಲಿಮೀಟರ್. ಎರಡೂ ಅರೆಗೋಳಗಳದ್ದನ್ನು ಬಿಡಿಸಿ ಹರಡಿದರೆ ಸುಮಾರು 2,000 ಚದರ ಸೆಂಟಿಮೀಟರ್, ಅಂದರೆ 45 ಸೆಂಟಿಮೀಟರ್ ಉದ್ದಗಲದ ಒಂದು ಚೌಕ ಬಟ್ಟೆಯಷ್ಟು. ಇದರಲ್ಲಿ ಮೂರನೇ ಎರಡು ಪಾಲು ಮಡಿಕೆಗಳ ನಡುವಿನ ಸೀಳುಗಳೊಳಗೆ ಅಡಗಿರುವುದರಿಂದ ಹೊರಗೆ ಕಾಣುವುದು ಸ್ವಲ್ಪವೇ.

ಇದರ ಬಹುಪಾಲು ಆರು ಪದರಗಳ ನಿಯೊಕಾರ್ಟೆಕ್ಸ್. ಇದು ಸಸ್ತನಿಗಳಲ್ಲಿ ಮಾತ್ರ ಇದೆ. ಪದರಗಳನ್ನು ಹೊರಗಿನಿಂದ ಒಳಕ್ಕೆ ಎಣಿಸುತ್ತಾರೆ. ಒಂದನೆಯದರಲ್ಲಿ ಕೋಶಗಳು ವಿರಳ, ನರತಂತುಗಳೇ ಜಾಸ್ತಿ. ಎರಡು ಮತ್ತು ಮೂರನೆಯವು ಕಾರ್ಟೆಕ್ಸಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುತ್ತವೆ. ಕಣ್ಣು, ಕಿವಿ, ಚರ್ಮದಿಂದ ಥಲಾಮಸ್ (ಮಿದುಳಿನ ಒಳಗಿರುವ ರವಾನೆ ಕೇಂದ್ರ) ಮೂಲಕ ಬರುವ ಸುದ್ದಿ ಮುಖ್ಯವಾಗಿ ಇಳಿಯುವುದು ನಾಲ್ಕನೆಯದಕ್ಕೆ. ಐದನೆಯದು ಬೆನ್ನುಹುರಿಯೂ ಸೇರಿದಂತೆ ಕೆಳಭಾಗಗಳಿಗೆ ಆಜ್ಞೆ ಕಳಿಸುತ್ತದೆ, ಆರನೆಯದು ಥಲಾಮಸಿಗೇ ಮರುಮಾತು ಕಳಿಸುತ್ತದೆ. ಈ ವಿನ್ಯಾಸ ಎಲ್ಲ ಕಡೆ ಒಂದೇ ತೆರನಾಗಿಲ್ಲ. ದೃಷ್ಟಿಯ ಭಾಗದಲ್ಲಿ ನಾಲ್ಕನೆಯ ಪದರ ದಪ್ಪ, ಚಲನೆಯ ಭಾಗದಲ್ಲಿ ಅದು ಬಹಳ ತೆಳು. ಇಂಥ ವ್ಯತ್ಯಾಸಗಳನ್ನೇ ಆಧಾರವಾಗಿಟ್ಟುಕೊಂಡು ಕೊರ್ಬಿನಿಯನ್ ಬ್ರಾಡ್‌ಮನ್ 1909ರಲ್ಲಿ ಕಾರ್ಟೆಕ್ಸನ್ನು ಕ್ಷೇತ್ರಗಳಾಗಿ ವಿಂಗಡಿಸಿ ಸಂಖ್ಯೆ ಕೊಟ್ಟರು. ಆ ಸಂಖ್ಯೆಗಳು ಇಂದಿಗೂ ಬಳಕೆಯಲ್ಲಿವೆ.

ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಮತ್ತು ವಾಸನೆಯ ಕಾರ್ಟೆಕ್ಸ್ ಸಹ ಕಾರ್ಟೆಕ್ಸೇ. ಆದರೆ ಅವುಗಳಲ್ಲಿ ಪದರಗಳು ಕಡಿಮೆ, ಸಾಮಾನ್ಯವಾಗಿ ಮೂರು.

ಮಿದುಳು ದೊಡ್ಡದಾದಷ್ಟೂ ಕಾರ್ಟೆಕ್ಸಿನಲ್ಲಿ ನರಕೋಶ ಹೆಚ್ಚು ಎನ್ನಬಹುದೇ?

ಎನ್ನಲಾಗದು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ, ಅದರಲ್ಲಿ ಕಾರ್ಟೆಕ್ಸಿನ ಪಾಲು ಸುಮಾರು 1,600 ಕೋಟಿ. ಉಳಿದವುಗಳಲ್ಲಿ ಹೆಚ್ಚಿನವು ಕಿರುಮಿದುಳಿನಲ್ಲಿವೆ. ಆಫ್ರಿಕಾದ ಆನೆಯ ಮಿದುಳಿನಲ್ಲಿ ಒಟ್ಟು 25,700 ಕೋಟಿ ನರಕೋಶಗಳಿದ್ದರೂ ಶೇಕಡಾ 98ರಷ್ಟು ಕಿರುಮಿದುಳಿಗೇ ಸೇರಿವೆ. ಅದರ ಕಾರ್ಟೆಕ್ಸಿನಲ್ಲಿರುವುದು 560 ಕೋಟಿ ಮಾತ್ರ. ರೀಸಸ್ ಕೋತಿಯ ಕಾರ್ಟೆಕ್ಸಿನಲ್ಲಿ ಸುಮಾರು 170 ಕೋಟಿ, ಪ್ರಯೋಗಾಲಯದ ಚಿಟ್ಟಿಲಿಯದರಲ್ಲಿ ಒಂದೂವರೆ ಕೋಟಿಗೂ ಕಮ್ಮಿ.

ಈ ಎಣಿಕೆಗಳು ಬ್ರೆಜಿಲ್‌ನ ಸುಜಾನಾ ಹರ್ಕ್ಯುಲಾನೊ-ಹೌಝೆಲ್ ಮತ್ತು ಸಂಗಡಿಗರ ವಿಧಾನದಿಂದ ಬಂದವು. ಫಾರ್ಮಾಲಿನ್‌ನಲ್ಲಿ ಗಟ್ಟಿಯಾದ ಮಿದುಳನ್ನು ಅರೆದು ಕೋಶಕೇಂದ್ರಗಳು ಮಾತ್ರ ತೇಲುವ ದ್ರವ ಮಾಡಿ, ಕಲಕಿ ಏಕರೂಪವಾಗಿಸಿ, ಬಣ್ಣ ಹಾಕಿ ಒಂದು ಸಣ್ಣ ಮಾದರಿಯಲ್ಲಿ ಎಣಿಸುತ್ತಾರೆ. ಒಟ್ಟು ದ್ರವದ ಪ್ರಮಾಣದಿಂದ ಗುಣಿಸಿದರೆ ಉತ್ತರ ಸಿಗುತ್ತದೆ. ಹಳೆಯ ಪುಸ್ತಕಗಳ "ಹತ್ತು ಸಾವಿರ ಕೋಟಿ" ಎಂಬ ಅಂದಾಜನ್ನು 2009ರಲ್ಲಿ ತಿದ್ದಿದ್ದು ಈ ಎಣಿಕೆಯೇ.

ಪ್ರೈಮೇಟ್‌ಗಳ (ಕೋತಿ, ವಾನರ, ಮನುಷ್ಯರ ಗುಂಪಿನ) ಅನುಕೂಲ ಇರುವುದು ಇಲ್ಲಿ: ಕಾರ್ಟೆಕ್ಸ್ ಹಿಗ್ಗಿದಾಗ ಅವುಗಳ ನರಕೋಶದ ಗಾತ್ರ ಹೆಚ್ಚೇನೂ ಹಿಗ್ಗುವುದಿಲ್ಲ. ಇಲಿ, ಅಳಿಲಿನಂಥ ದಂಶಕಗಳಲ್ಲಿ ಕೋಶಗಳೂ ದೊಡ್ಡವಾಗುತ್ತ ಹೋಗುವುದರಿಂದ ಅಷ್ಟೇ ಜಾಗದಲ್ಲಿ ಹಿಡಿಸುವುದು ಕಮ್ಮಿ.

ಆರು ಪದರಗಳ ಕಾರ್ಟೆಕ್ಸ್ ಎಲ್ಲಿಂದ ಬಂತು?

ಸಸ್ತನಿಗಳ ವಂಶ ಮತ್ತು ಸರೀಸೃಪ-ಹಕ್ಕಿಗಳ ವಂಶ ಕವಲೊಡೆದು ಸುಮಾರು 32 ಕೋಟಿ ವರ್ಷಗಳಾದವು. ಇಂದಿನ ಆಮೆ, ಹಲ್ಲಿಗಳ ಮಿದುಳಿನ ಮೇಲ್ಭಾಗದಲ್ಲಿ ಮೂರು ಪದರಗಳ ತೆಳು ಕಾರ್ಟೆಕ್ಸ್ ಇದೆ. ಅದರಲ್ಲಿ ಮುಖ್ಯ ನರಕೋಶಗಳು ಒಂದೇ ಸಾಲಿನಲ್ಲಿ ಕೂತಿರುತ್ತವೆ. ಎರಡೂ ವಂಶಗಳ ಪೂರ್ವಜನಲ್ಲಿ ಇದ್ದದ್ದೂ ಹೀಗೇ ಸರಳವಾದ ಹಾಳೆ ಎಂಬುದು ಹೆಚ್ಚಿನವರ ಅಭಿಪ್ರಾಯ.

ಮಿದುಳು ಪಳೆಯುಳಿಕೆಯಾಗುವುದಿಲ್ಲ, ಆದರೆ ತಲೆಬುರುಡೆಯ ಒಳಗೋಡೆ ಅದರ ಅಚ್ಚನ್ನು ಉಳಿಸಿಕೊಳ್ಳುತ್ತದೆ. 2011ರಲ್ಲಿ ಟಿಮೊತಿ ರೋ ಮತ್ತು ಸಂಗಡಿಗರು ಮಾರ್ಗನುಕೊಡಾನ್ ಮತ್ತು ಹ್ಯಾಡ್ರೊಕೋಡಿಯಂ ಎಂಬ ಎರಡು ಪುಟ್ಟ ಪ್ರಾಣಿಗಳ ಬುರುಡೆಗಳನ್ನು ಸಿಟಿ ಸ್ಕ್ಯಾನ್ ಮಾಡಿ ಈ ಅಚ್ಚನ್ನು ತೆಗೆದರು. ಚೀನಾದ ಯುನ್ನಾನ್‌ನಲ್ಲಿ ದೊರೆತ, 19.5 ಕೋಟಿ ವರ್ಷ ಹಳೆಯ ಹ್ಯಾಡ್ರೊಕೋಡಿಯಂನ ತಲೆಬುರುಡೆಯ ಉದ್ದ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಮಿದುಳು ಹಂತಹಂತವಾಗಿ ಹಿಗ್ಗಿದ್ದು ಆ ಅಚ್ಚುಗಳಲ್ಲಿ ಕಾಣುತ್ತದೆ: ಮೊದಲು ವಾಸನೆಯ ಭಾಗ, ಜೊತೆಗೆ ಮೈಕೂದಲಿನ ಸ್ಪರ್ಶ ಗ್ರಹಿಸುವ ಭಾಗ, ಆಮೇಲೆ ಮತ್ತೆ ವಾಸನೆ. ರಾತ್ರಿ ಹೊತ್ತು ಓಡಾಡುವ, ಮೂಸಿ ಮುಟ್ಟಿ ದಾರಿ ಹುಡುಕುವ ಸಣ್ಣ ಪ್ರಾಣಿಗಳ ಬದುಕಿಗೆ ಇದು ಹೊಂದುತ್ತದೆ. ನಿಯೊಕಾರ್ಟೆಕ್ಸ್ ಹುಟ್ಟಿದ್ದು ಮೂಗು ಮತ್ತು ಕೂದಲಿನ ಆಸರೆಯಲ್ಲಿ, "ಬುದ್ಧಿ"ಗಾಗಿ ಅಲ್ಲ ಎಂಬುದನ್ನು ಪಠ್ಯಪುಸ್ತಕಗಳು ಇನ್ನೂ ಒತ್ತಿ ಹೇಳಬೇಕು.

ಎರಡು ಅರೆಗೋಳಗಳನ್ನು ಬೆಸೆಯುವ ಕಾರ್ಪಸ್ ಕ್ಯಾಲೋಸಮ್ ಇನ್ನೂ ತಡವಾಗಿ ಬಂದದ್ದು. ಅದು ಜರಾಯು ಸಸ್ತನಿಗಳಲ್ಲಿ ಮಾತ್ರ ಇದೆ. ಕಾಂಗರೂ, ಪ್ಲಾಟಿಪಸ್‌ಗಳಲ್ಲಿ ಈ ಕೆಲಸವನ್ನು ಮುಂಭಾಗದ ಬೇರೊಂದು ನರಸೇತು ಮಾಡುತ್ತದೆ.

ಕಾರ್ಟೆಕ್ಸ್ ಇಲ್ಲದ ಕಾಗೆ, ಗಿಳಿಗಳು ಅಷ್ಟು ಚುರುಕು ಹೇಗೆ?

ಆರು ಪದರ ಇಲ್ಲದಿದ್ದರೂ ಕಾರ್ಟೆಕ್ಸ್ ಬೆಳೆಯುವ ಅದೇ ಮೂಲಪ್ರದೇಶ ಹಕ್ಕಿಗಳಲ್ಲೂ ಇದೆ. ಅಲ್ಲಿ ನರಕೋಶಗಳು ಹಾಳೆಯಾಗುವ ಬದಲು ಹೆಚ್ಚಾಗಿ ಗುಂಪುಗುಂಪಾಗಿ ಸೇರಿವೆ. 2016ರ ಎಣಿಕೆಯಂತೆ ಗಿಳಿ ಮತ್ತು ಹಾಡುಹಕ್ಕಿಗಳ ಮಿದುಳಿನಲ್ಲಿ ಅಷ್ಟೇ ತೂಕದ ಪ್ರೈಮೇಟ್ ಮಿದುಳಿಗಿಂತ ಸರಾಸರಿ ಎರಡು ಪಟ್ಟು ನರಕೋಶಗಳಿವೆ. ಕಾಗೆಯೂ ಹಾಡುಹಕ್ಕಿಗಳ ಗಣಕ್ಕೇ ಸೇರಿದ್ದು. ಹಕ್ಕಿ ಮತ್ತು ಸಸ್ತನಿಗಳು ಹೋಲುವ ಸರ್ಕ್ಯೂಟ್‌ಗಳನ್ನು ಬೇರೆಬೇರೆ ಕೋಶಗಳಿಂದ, ಬಹುಮಟ್ಟಿಗೆ ಸ್ವತಂತ್ರವಾಗಿ ಕಟ್ಟಿಕೊಂಡಿವೆ ಎಂಬ ವಾದಕ್ಕೆ 2025ರಲ್ಲಿ ಬಂದ ಕೋಶಮಟ್ಟದ ಜೀನ್ ಅಧ್ಯಯನಗಳು ಬಲ ಕೊಟ್ಟಿವೆ.

ನಮ್ಮ ತಲೆಯಲ್ಲಿ ಕೆಳಗೊಂದು "ಹಲ್ಲಿಯ ಮಿದುಳು", ಅದರ ಮೇಲೆ ಪ್ರಾಣಿಯದು, ಅದರ ಮೇಲೆ ಮನುಷ್ಯನದು ಇದೆಯಂತೆ, ನಿಜವೇ?

ನಿಜವಲ್ಲ. ಇದು ಪಾಲ್ ಮ್ಯಾಕ್‌ಲೀನ್ ಪ್ರಚಾರಕ್ಕೆ ತಂದ ಹಳೆಯ ಕಲ್ಪನೆ. ಎಲ್ಲ ಕಶೇರುಕಗಳಲ್ಲೂ ಮುಂಮಿದುಳು, ನಡುಮಿದುಳು, ಹಿಂಮಿದುಳು ಮೂರೂ ಇವೆ. ಹಲ್ಲಿಗೂ ಕಾರ್ಟೆಕ್ಸಿನ ಮೂಲರೂಪ ಇದೆ. ವಿಕಾಸ ಹಳೆಯದರ ಮೇಲೆ ಹೊಸದನ್ನು ಪೇರಿಸಿಲ್ಲ, ಇರುವ ಭಾಗಗಳನ್ನೇ ಹಿಗ್ಗಿಸಿದೆ, ಕುಗ್ಗಿಸಿದೆ, ಮಾರ್ಪಡಿಸಿದೆ.

ಭ್ರೂಣದಲ್ಲಿ ಕಾರ್ಟೆಕ್ಸ್ ಯಾವಾಗ, ಹೇಗೆ ತಯಾರಾಗುತ್ತದೆ?

ಮೊದಲು ವಾರಗಳ ಲೆಕ್ಕ. ಭ್ರೂಣಶಾಸ್ತ್ರದವರು ಗರ್ಭ ನಿಂತ ದಿನದಿಂದ ಎಣಿಸುತ್ತಾರೆ, ಹೆರಿಗೆ ವೈದ್ಯರು ಕೊನೆಯ ಮುಟ್ಟಿನ ಮೊದಲ ದಿನದಿಂದ. ನಡುವೆ ಎರಡು ವಾರಗಳ ಅಂತರ. ಪುಸ್ತಕವನ್ನೂ ಸ್ಕ್ಯಾನ್ ವರದಿಯನ್ನೂ ಹೋಲಿಸುವಾಗ ಜನ ಎಡವುವುದು ಇಲ್ಲೇ. ಈ ಉತ್ತರದಲ್ಲಿರುವುದು ಗರ್ಭ ನಿಂತ ದಿನದಿಂದ ಎಣಿಸಿದ ವಾರಗಳು.

28ನೇ ದಿನದ ಹೊತ್ತಿಗೆ ನರನಾಳ ಪೂರ್ತಿ ಮುಚ್ಚಿರಬೇಕು. ಅದರ ಮುಂದಿನ ತುದಿ ಉಬ್ಬಿ, ಎರಡು ಪುಟ್ಟ ಗುಳ್ಳೆಗಳು ಹೊರಬರುತ್ತವೆ. ಅವೇ ಮುಂದೆ ಎರಡು ಅರೆಗೋಳಗಳಾಗುತ್ತವೆ. ಗುಳ್ಳೆಯ ಗೋಡೆಯಲ್ಲಿ ಆಗ ಇರುವುದು ಒಂದೇ ಸಾಲು ಜನಕಕೋಶಗಳು. ಮೊದಮೊದಲು ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ತಮ್ಮ ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳುತ್ತವೆ. ಗೋಡೆ ಅಗಲವಾಗುತ್ತ ಹೋಗುತ್ತದೆ, ನರಕೋಶ ಇನ್ನೂ ಹುಟ್ಟಿರುವುದಿಲ್ಲ.

ಬಳಿಕ ಈ ಕೋಶಗಳು ರೇಡಿಯಲ್ ಗ್ಲಿಯಾ ಆಗಿ ಬದಲಾಗುತ್ತವೆ. ಇವುಗಳ ರೂಪ ವಿಶಿಷ್ಟವಾದದ್ದು. ಕೋಶದ ಒಡಲು ಒಳಗಿನ ಕುಹರದ (ದ್ರವ ತುಂಬಿದ ಪೊಳ್ಳಿನ) ಅಂಚಿನಲ್ಲಿರುತ್ತದೆ. ಅಲ್ಲಿಂದ ಹೊರಟ ಒಂದು ಸಪೂರ ಎಳೆ ಗೋಡೆಯ ಅಗಲವನ್ನೆಲ್ಲ ದಾಟಿ ಹೊರಮೈಯನ್ನು ಮುಟ್ಟುತ್ತದೆ. ಪ್ರತಿ ಸಲ ಒಡೆಯುವ ಮುನ್ನ ಕೋಶಕೇಂದ್ರ ಈ ಎಳೆಯೊಳಗೆ ಮೇಲೆ ಹೋಗಿ ಡಿಎನ್‌ಎ ದ್ವಿಗುಣಗೊಳಿಸಿಕೊಂಡು, ಮತ್ತೆ ಕುಹರದ ಅಂಚಿಗೆ ಇಳಿದು ಅಲ್ಲೇ ಒಡೆಯುತ್ತದೆ. ಈಗ ಒಡೆಯುವಾಗ ಹುಟ್ಟುವ ಎರಡರಲ್ಲಿ ಒಂದು ಕೋಶ ರೇಡಿಯಲ್ ಗ್ಲಿಯಾ ಆಗಿಯೇ ಉಳಿಯುತ್ತದೆ. ಇನ್ನೊಂದು ನೇರವಾಗಿ ನರಕೋಶವಾಗುತ್ತದೆ, ಇಲ್ಲವೇ ಮಧ್ಯಂತರ ಜನಕಕೋಶವಾಗಿ ತುಸು ಮೇಲೆ ಸರಿದು ಇನ್ನೊಮ್ಮೆ ಒಡೆದು ನರಕೋಶಗಳನ್ನು ಕೊಡುತ್ತದೆ. ರೇಡಿಯಲ್ ಗ್ಲಿಯಾ ಬರೀ ಆಧಾರದ ಕೋಶ ಎಂದೇ ದಶಕಗಳ ಕಾಲ ತಿಳಿಯಲಾಗಿತ್ತು. ಅದೇ ನರಕೋಶಗಳ ತಾಯಿ ಎಂದು ಖಚಿತವಾದದ್ದು 2000–2001ರಲ್ಲಿ.

ಏಳೆಂಟನೇ ವಾರದಲ್ಲಿ ಕಾರ್ಟೆಕ್ಸಿನ ತಟ್ಟೆ, ಅಂದರೆ ಮುಂದೆ ಪದರಗಳಾಗುವ ನರಕೋಶಗಳ ಸಾಲು, ಕಾಣಿಸಿಕೊಳ್ಳುತ್ತದೆ. ಆರನೇ ತಿಂಗಳು ಮುಗಿಯುವ ಹೊತ್ತಿಗೆ ಕಾರ್ಟೆಕ್ಸಿನ ಬಹುಪಾಲು ನರಕೋಶಗಳು ಹುಟ್ಟಿಯಾಗಿರುತ್ತವೆ. ಚಿಟ್ಟಿಲಿಯಲ್ಲಿ ಇದೇ ಕೆಲಸಕ್ಕೆ ಹಿಡಿಯುವುದು ಸುಮಾರು ಒಂದು ವಾರ, ರೀಸಸ್ ಕೋತಿಯಲ್ಲಿ ಸುಮಾರು ಎರಡು ತಿಂಗಳು.

ಇದಿಷ್ಟೂ ಪ್ರಚೋದಕ ನರಕೋಶಗಳ, ಅಂದರೆ ಮುಂದಿನ ಕೋಶವನ್ನು ಚುರುಕುಗೊಳಿಸುವವುಗಳ, ಕತೆ. ಕಾರ್ಟೆಕ್ಸಿನ ಶೇಕಡಾ 15–25ರಷ್ಟಿರುವ ಪ್ರತಿಬಂಧಕ (ಮುಂದಿನ ಕೋಶವನ್ನು ತಡೆಯುವ) ನರಕೋಶಗಳು ಹುಟ್ಟುವುದು ಬಹುಮಟ್ಟಿಗೆ ಬೇರೆಡೆ: ಮುಂಮಿದುಳಿನ ತಳಭಾಗದ ಗ್ಯಾಂಗ್ಲಿಯಾನಿಕ್ ಉಬ್ಬುಗಳಲ್ಲಿ. ಅಲ್ಲಿಂದ ಅವು ಅಡ್ಡಡ್ಡವಾಗಿ ದೂರ ಪಯಣಿಸಿ ಕಾರ್ಟೆಕ್ಸ್ ಸೇರುತ್ತವೆ. ಇಲಿಯಲ್ಲಿ ಡಿಎಲ್‌ಎಕ್ಸ್1 ಮತ್ತು ಡಿಎಲ್‌ಎಕ್ಸ್2 ಜೀನ್‌ಗಳನ್ನು ತೆಗೆದಾಗ ಈ ಪಯಣ ನಿಂತುಹೋದದ್ದನ್ನು 1997ರಲ್ಲಿ ತೋರಿಸಲಾಯಿತು.

ಮೊದಲು ಹುಟ್ಟಿದ ನರಕೋಶ ಕೆಳಗೆ, ಆಮೇಲೆ ಹುಟ್ಟಿದ್ದು ಮೇಲೆ ಏಕೆ?

ಹೊಸ ನರಕೋಶ ರೇಡಿಯಲ್ ಗ್ಲಿಯಾದ ಎಳೆ ಹಿಡಿದು ಹತ್ತುತ್ತ, ತನಗಿಂತ ಮೊದಲು ಬಂದು ನೆಲೆಸಿದವರನ್ನೆಲ್ಲ ದಾಟಿ ತುದಿಗೆ ಹೋಗಿ ನಿಲ್ಲುತ್ತದೆ. ಹಾಗಾಗಿ ಆರನೆಯ ಪದರ ಮೊದಲು, ಆಮೇಲೆ ಐದು, ನಾಲ್ಕು, ಕಡೆಗೆ ಮೂರು ಮತ್ತು ಎರಡು. ಹೊಸ ಡಿಎನ್‌ಎಯಲ್ಲಿ ಸೇರಿಕೊಂಡು ಗುರುತಾಗುವ ವಿಕಿರಣಶೀಲ ಥೈಮಿಡಿನ್ ಚುಚ್ಚಿ 1961ರಲ್ಲಿ ಆಂಜೆವೈನ್ ಮತ್ತು ಸಿಡ್‌ಮನ್ ಇದನ್ನು ಇಲಿಯಲ್ಲಿ ಕಂಡರು. ಪಾಸ್ಕೊ ರಾಕಿಚ್ 1974ರಲ್ಲಿ ಕೋತಿಯಲ್ಲಿ ಕಂಡರು.

ಈ ಕ್ರಮವನ್ನು ಕಾಯುವುದು ರೀಲಿನ್ ಎಂಬ ಪ್ರೋಟೀನ್. ಹೊರಮೈಯಲ್ಲಿರುವ ಕಹಾಲ್-ರೆಟ್ಜಿಯಸ್ ಕೋಶಗಳು ಅದನ್ನು ಸುರಿಸುತ್ತವೆ. ನಡಿಗೆ ತಪ್ಪಿ ತೂರಾಡುವ "ರೀಲರ್" ಇಲಿಯನ್ನು 1951ರಲ್ಲೇ ಗುರುತಿಸಲಾಗಿತ್ತು, ಅದರ ಜೀನ್ ಸಿಕ್ಕಿದ್ದು 1995ರಲ್ಲಿ. ಆ ಇಲಿಯಲ್ಲಿ ಹೊಸಬರು ಹಳಬರನ್ನು ದಾಟಲಾರರು, ಪದರಗಳು ಹೆಚ್ಚುಕಮ್ಮಿ ತಲೆಕೆಳಗಾಗುತ್ತವೆ.

ಕಾರ್ಟೆಕ್ಸಿನ ತಟ್ಟೆಯ ಕೆಳಗೆ ಸಬ್‌ಪ್ಲೇಟ್ ಎಂಬ ತಾತ್ಕಾಲಿಕ ಪದರವೊಂದಿದೆ. ಥಲಾಮಸಿನಿಂದ ಬಂದ ನರತಂತುಗಳು ಮೇಲಿನ ಪದರ ಸಿದ್ಧವಾಗುವವರೆಗೆ ವಾರಗಟ್ಟಲೆ ಅಲ್ಲೇ ಕಾಯುತ್ತವೆ. ಮನುಷ್ಯ ಭ್ರೂಣದಲ್ಲಿ ಒಂದು ಹಂತದಲ್ಲಿ ಅದು ತಟ್ಟೆಗಿಂತ ಹಲವು ಪಟ್ಟು ದಪ್ಪಗಿರುತ್ತದೆ. ಬಹಳ ಬೇಗ ಹುಟ್ಟಿದ ಶಿಶುಗಳ ಮಿದುಳಿಗೆ ಆಮ್ಲಜನಕದ ಕೊರತೆ ತಗುಲಿದಾಗ ಪೆಟ್ಟು ಬೀಳುವ ಜಾಗಗಳಲ್ಲಿ ಇದೂ ಒಂದು.

ಹಾಗಾದರೆ ಮನುಷ್ಯನ ಕಾರ್ಟೆಕ್ಸ್ ಇಷ್ಟು ದೊಡ್ಡದಾದದ್ದು ಹೇಗೆ?

ಲೆಕ್ಕ ಹಾಕಿ ನೋಡಿ. ಮನುಷ್ಯನ ಕಾರ್ಟೆಕ್ಸಿನ ವಿಸ್ತೀರ್ಣ ಚಿಟ್ಟಿಲಿಯದಕ್ಕಿಂತ ಸುಮಾರು 1,000 ಪಟ್ಟು, ರೀಸಸ್ ಕೋತಿಯದಕ್ಕಿಂತ ಸುಮಾರು 10 ಪಟ್ಟು. ದಪ್ಪ ಮಾತ್ರ ಇಲಿಗಿಂತ ಎರಡು ಮೂರು ಪಟ್ಟಷ್ಟೇ ಹೆಚ್ಚು. ಆರಂಭದ ಹಂತದಲ್ಲಿ ಜನಕಕೋಶಗಳು ಒಂದು ಸುತ್ತು ಹೆಚ್ಚಿಗೆ ಒಡೆದರೆ ಸಂಖ್ಯೆ ಇಮ್ಮಡಿ. ಹತ್ತು ಸುತ್ತು ಹೆಚ್ಚಾದರೆ 1,024 ಪಟ್ಟು, ಮೂರು ನಾಲ್ಕು ಸುತ್ತು ಹೆಚ್ಚಾದರೆ 8ರಿಂದ 16 ಪಟ್ಟು. ಆರಂಭದ ಹಂತ ಲಂಬಿಸಿದರೆ ಹಾಳೆ ಅಗಲವಾಗುತ್ತದೆ, ನರಕೋಶ ಕೊಡುವ ಹಂತ ಲಂಬಿಸಿದರೆ ದಪ್ಪವಾಗುತ್ತದೆ. ರಾಕಿಚ್ 1988ರಲ್ಲಿ ಮಂಡಿಸಿದ ಈ ವಿಚಾರ ಇಂದಿಗೂ ಈ ಕ್ಷೇತ್ರದ ಬೆನ್ನೆಲುಬು.

ಎರಡನೆಯ ಕಾರಣ ಹೊರ ರೇಡಿಯಲ್ ಗ್ಲಿಯಾ. ಇವು ಕುಹರದ ಅಂಚನ್ನು ಬಿಟ್ಟು ಮೇಲೆ ಬಂದು ಹೊಸದೊಂದು ಉತ್ಪಾದನಾ ವಲಯ ಕಟ್ಟುತ್ತವೆ. ಒಡೆಯುವ ಮುನ್ನ ಇವುಗಳ ಒಡಲು ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ. ಇದರಿಂದ ವಲಯವೂ ಹಿಗ್ಗುತ್ತ ಹೋಗುತ್ತದೆ. 2010ರಲ್ಲಿ ಎರಡು ತಂಡಗಳು ಇವನ್ನು ಮನುಷ್ಯ ಭ್ರೂಣದ ಅಂಗಾಂಶದಲ್ಲಿ ವಿವರಿಸಿದವು. ಇಲಿಯಲ್ಲಿ ಇವು ಬೆರಳೆಣಿಕೆಯಷ್ಟು, ಪ್ರೈಮೇಟ್‌ಗಳಲ್ಲಿ ಹೇರಳ.

ಜೀನ್‌ಗಳ ಮಟ್ಟದಲ್ಲಿ ಬಲವಾದ ಸಾಕ್ಷ್ಯ ಇರುವುದು ಎಆರ್‌ಎಚ್‌ಜಿಎಪಿ11ಬಿ ಬಗ್ಗೆ. ಸುಮಾರು 50 ಲಕ್ಷ ವರ್ಷಗಳ ಹಿಂದೆ, ಚಿಂಪಾಂಜಿಯಿಂದ ನಾವು ಕವಲೊಡೆದ ಮೇಲೆ, ಹಳೆಯ ಜೀನೊಂದು ಭಾಗಶಃ ನಕಲಾಗಿ ಇದು ಹುಟ್ಟಿತು. ಆಮೇಲೆ ಅದರ ಡಿಎನ್‌ಎಯ ಒಂದೇ ಒಂದು ಅಕ್ಷರ, ಸಿ ಇದ್ದದ್ದು ಜಿ ಆಗಿ, ಆರ್‌ಎನ್‌ಎ ತುಂಡಾಗುವ ಜಾಗ ಬದಲಾಯಿತು. 55 ಅಕ್ಷರಗಳು ಬಿಟ್ಟುಹೋಗಿ ಪ್ರೋಟೀನಿನ ಬಾಲವೇ ಹೊಸದಾಯಿತು. ಜರ್ಮನಿಯ ಡ್ರೆಸ್ಡನ್‌ನ ವೀಲಾಂಡ್ ಹಟ್ನರ್ ತಂಡ 2015ರಲ್ಲಿ ಇದನ್ನು ಇಲಿಯ ಭ್ರೂಣಕ್ಕೆ ಸೇರಿಸಿದಾಗ ಜನಕಕೋಶಗಳು ಹೆಚ್ಚಿದವು, ಕೆಲವು ಭ್ರೂಣಗಳ ನುಣುಪು ಕಾರ್ಟೆಕ್ಸಿನಲ್ಲಿ ಮಡಿಕೆಗಳೂ ಕಂಡವು. 2020ರಲ್ಲಿ ಮಾರ್ಮೊಸೆಟ್ ಕೋತಿಯ ಭ್ರೂಣದಲ್ಲೂ ಕಾರ್ಟೆಕ್ಸ್ ಹಿಗ್ಗಿತು. ಒಂದನೇ ವರ್ಣತಂತುವಿನ ನಾಚ್2ಎನ್‌ಎಲ್ ಜೀನ್‌ಗಳು (2018) ಜನಕಕೋಶ ಬೇಗ ನರಕೋಶವಾಗದಂತೆ ತಡೆಯುತ್ತವೆ. ಇವೆರಡೂ ಮಾಡುವುದು ಒಂದೇ ಕೆಲಸ: ಕಾಲವನ್ನು ಮುಂದೂಡುವುದು.

"ಮನುಷ್ಯನನ್ನು ಮನುಷ್ಯನಾಗಿಸಿದ ಜೀನ್ ಪತ್ತೆ" ಎಂಬ ಶೀರ್ಷಿಕೆ ಕಂಡರೆ ನಂಬಬೇಡಿ. ಅಂಥ ಒಂದೇ ಜೀನ್ ಇಲ್ಲ.

ಮಡಿಕೆಗಳು ಏಕೆ ಬೀಳುತ್ತವೆ? ಮಡಿಕೆ ಹೆಚ್ಚಿದ್ದರೆ ಬುದ್ಧಿ ಹೆಚ್ಚೇ?

ಹೊರಗಿನ ಬೂದು ಪದರ ಒಳಗಿನ ಭಾಗಕ್ಕಿಂತ ವೇಗವಾಗಿ ಅಡ್ಡಕ್ಕೆ ಬೆಳೆಯುತ್ತದೆ. ಒಳಗಿನದಕ್ಕೆ ಅಂಟಿಕೊಂಡಿರುವುದರಿಂದ ಅದಕ್ಕೆ ಬಾಗದೆ ಬೇರೆ ದಾರಿಯಿಲ್ಲ. 2016ರಲ್ಲಿ ಟುವೊಮಸ್ ತಲ್ಲಿನೆನ್ ಮತ್ತು ಸಂಗಡಿಗರು ಭ್ರೂಣದ ನುಣುಪು ಮಿದುಳಿನ ಆಕಾರದಲ್ಲಿ ಜೆಲ್ ಎರೆದು, ಹೊರಪದರ ಮಾತ್ರ ದ್ರಾವಕ ಹೀರಿ ಉಬ್ಬುವಂತೆ ಮಾಡಿದರು. ನಿಜವಾದ ಮಿದುಳಿನಂಥದೇ ಮಡಿಕೆಗಳು ಮೂಡಿದವು. ತಲೆಬುರುಡೆ ಒತ್ತುವುದರಿಂದ ಮಡಿಕೆ ಬೀಳುತ್ತದೆ ಎಂಬ ವಿವರಣೆಯ ಅಗತ್ಯವೇ ಇಲ್ಲ.

ತೆಳು ಹಾಳೆ ಸುಲಭವಾಗಿ ಮಡಿಯುತ್ತದೆ, ದಪ್ಪ ಹಾಳೆ ಮಡಿಯದು. ಕಡಲಹಸುವಿನಂಥ ಮ್ಯಾನಟಿಯ ಮಿದುಳು ದೊಡ್ಡದಾದರೂ ಕಾರ್ಟೆಕ್ಸ್ ದಪ್ಪ, ಹಾಗಾಗಿ ಮೇಲ್ಮೈ ನುಣುಪು. ಮಾರ್ಮೊಸೆಟ್ ಪ್ರೈಮೇಟ್ ಆದರೂ ಬಹುತೇಕ ನುಣುಪು. ಎಕಿಡ್ನಾಕ್ಕೆ ಮಡಿಕೆಗಳಿವೆ, ಅದರ ಹತ್ತಿರದ ನಂಟ ಪ್ಲಾಟಿಪಸ್‌ಗೆ ಇಲ್ಲ. ಬರೀ ಮಡಿಕೆ ನೋಡಿ ಬುದ್ಧಿ ಅಳೆಯಲಾಗದು.

ದೃಷ್ಟಿಗೆ ಒಂದು ಭಾಗ, ಸ್ಪರ್ಶಕ್ಕೆ ಇನ್ನೊಂದು ಎಂದು ನಿರ್ಧರಿಸುವವರು ಯಾರು?

ಜೀನ್‌ಗಳು ಒರಟು ನಕ್ಷೆ ಬರೆಯುತ್ತವೆ, ಒಳಬರುವ ನರತಂತುಗಳು ಅದನ್ನು ತಿದ್ದಿ ಮುಗಿಸುತ್ತವೆ.

ನಕ್ಷೆಯ ಭಾಗ ಹೀಗೆ: ಭ್ರೂಣದ ಕಾರ್ಟೆಕ್ಸಿನ ಮುಂತುದಿಯಿಂದ ಎಫ್‌ಜಿಎಫ್8 ಎಂಬ ಸಂಕೇತ ಹರಡುತ್ತದೆ. ಮುಂದೆ ದಟ್ಟ, ಹಿಂದೆ ವಿರಳ. ಆ ಪ್ರಮಾಣ ನೋಡಿ ಜನಕಕೋಶಗಳು ತಾವೆಲ್ಲಿದ್ದೇವೆಂದು ತಿಳಿಯುತ್ತವೆ. 2001ರಲ್ಲಿ ಫುಕುಚಿ-ಶಿಮೊಗೊರಿ ಮತ್ತು ಎಲಿಜಬೆತ್ ಗ್ರೋವ್ ಇಲಿಯ ಭ್ರೂಣದ ಹಿಂತುದಿಯಲ್ಲೂ ಈ ಸಂಕೇತ ಇಟ್ಟಾಗ, ಮೀಸೆಯ ಸ್ಪರ್ಶಕ್ಕಿರುವ ಕ್ಷೇತ್ರದ ಎರಡನೆಯ ಪ್ರತಿಯೊಂದು ಮೂಡಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಶುಭಾ ತೊಳೆ ಮತ್ತು ಸಂಗಡಿಗರ 2008ರ ಕೆಲಸ ಇನ್ನೂ ಹಿಂದಿನ ಹಂತದ್ದು. ಎಲ್‌ಎಚ್‌ಎಕ್ಸ್2 ಜೀನ್ ಇದ್ದರೆ ಕೋಶ ಕಾರ್ಟೆಕ್ಸ್ ಆಗುತ್ತದೆ, ಇಲ್ಲದಿದ್ದರೆ ಅಂಚಿನ ಹೆಮ್ ಎಂಬ ಸಂಕೇತ ಕೇಂದ್ರವಾಗಿ, ಪಕ್ಕದ ಕೋಶಗಳಿಗೆ "ಹಿಪೊಕ್ಯಾಂಪಸ್ ಆಗಿ" ಎಂದು ಸೂಚನೆ ಕೊಡುತ್ತದೆ ಎಂದು ಅವರು ತೋರಿಸಿದರು.

ತಿದ್ದುವ ಭಾಗಕ್ಕೆ ಪ್ರಸಿದ್ಧ ಸಾಕ್ಷಿ ಮೃಗಾಂಕ ಸೂರ್ ಅವರ ಫೆರೆಟ್ ಪ್ರಯೋಗಗಳು. ಹುಟ್ಟಿದೊಡನೆ ಕಣ್ಣಿನ ನರತಂತುಗಳನ್ನು ಶ್ರವಣದ ದಾರಿಗೆ ತಿರುಗಿಸಿದಾಗ, ಶ್ರವಣ ಕಾರ್ಟೆಕ್ಸಿನಲ್ಲಿ ಗೆರೆಗಳ ಓರೆಯನ್ನು ಗುರುತಿಸುವ ಕೋಶಗಳು ದೃಷ್ಟಿ ಕ್ಷೇತ್ರದಲ್ಲಿರುವಂತೆಯೇ ಜೋಡಿಸಿಕೊಂಡವು. ಆ ನಕ್ಷೆ ಅಸಲಿನಷ್ಟು ಅಚ್ಚುಕಟ್ಟಾಗಿರಲಿಲ್ಲ ಎಂಬುದೂ ಅಷ್ಟೇ ಮುಖ್ಯ.

ಸ್ಕ್ಯಾನ್‌ನಲ್ಲಿ "ಲಿಸೆನ್ಸೆಫಲಿ", "ಹೆಟೆರೊಟೋಪಿಯಾ" ಎಂದು ಬಂದಿದೆ. ಏನರ್ಥ?

ನರಕೋಶಗಳು ಹುಟ್ಟಿವೆ, ಸೇರಬೇಕಾದ ಜಾಗ ಸೇರಿಲ್ಲ ಎಂದರ್ಥ. ಎಲ್ಲಿ ನಿಂತಿವೆ ಎಂಬುದರ ಮೇಲೆ ಹೆಸರು.

ಲಿಸೆನ್ಸೆಫಲಿಯಲ್ಲಿ ಕಾರ್ಟೆಕ್ಸ್ ನುಣುಪಾಗಿ, 10–20 ಮಿಲಿಮೀಟರ್ ದಪ್ಪಗಿರುತ್ತದೆ. ಆರರ ಬದಲು ನಾಲ್ಕು ಒರಟು ಪದರಗಳಿರುತ್ತವೆ. 17ನೇ ವರ್ಣತಂತುವಿನ ಎಲ್‌ಐಎಸ್1 ಜೀನ್ ಕೆಟ್ಟಿದ್ದರೆ ತೊಂದರೆ ಹಿಂಭಾಗದಲ್ಲಿ ಹೆಚ್ಚು, ಎಕ್ಸ್ ವರ್ಣತಂತುವಿನ ಡಿಸಿಎಕ್ಸ್ ಕೆಟ್ಟಿದ್ದರೆ ಮುಂಭಾಗದಲ್ಲಿ ಹೆಚ್ಚು. ಈ ವ್ಯತ್ಯಾಸ ಮನೆಯವರಿಗೆ ಬಹಳ ಮುಖ್ಯ. ಎಲ್‌ಐಎಸ್1 ದೋಷ ಬಹುಮಟ್ಟಿಗೆ ಆ ಮಗುವಿನಲ್ಲೇ ಹೊಸದಾಗಿ ಆದದ್ದು, ಮುಂದಿನ ಮಗುವಿಗೆ ಬರುವ ಸಂಭವ ಕಡಿಮೆ. ಡಿಸಿಎಕ್ಸ್ ಆದರೆ ತಾಯಿಯ ಪರೀಕ್ಷೆ ಆಗಲೇಬೇಕು. ತಾಯಿಯಲ್ಲಿದ್ದರೆ ಪ್ರತಿ ಗಂಡುಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಕೋಶಗಳು ಸರಿಯಾಗಿ ಚಲಿಸಿ, ಉಳಿದವು ನಡುದಾರಿಯಲ್ಲಿ ಪಟ್ಟಿಯಾಗಿ ನಿಲ್ಲುತ್ತವೆ. ಇದಕ್ಕೆ "ಡಬಲ್ ಕಾರ್ಟೆಕ್ಸ್" ಎನ್ನುತ್ತಾರೆ. ಇವರಲ್ಲಿ ಮೂರ್ಛೆರೋಗ ಸಾಮಾನ್ಯ.

ಕೋಶಗಳು ಹೊರಡಲೇ ಆಗದೆ ಕುಹರದ ಅಂಚಿನಲ್ಲಿ ಗಂಟುಗಟ್ಟಿದರೆ ಅದು ಪೆರಿವೆಂಟ್ರಿಕ್ಯುಲರ್ ಹೆಟೆರೊಟೋಪಿಯಾ. ಎಫ್‌ಎಲ್‌ಎನ್‌ಎ ಜೀನಿನಿಂದ ಆದದ್ದಾದರೆ ಹೆಚ್ಚಾಗಿ ಹೆಂಗಸರಲ್ಲೇ ಕಾಣುವುದು. ಬುದ್ಧಿಶಕ್ತಿ ಎಷ್ಟೋ ಸಲ ಸಾಮಾನ್ಯ. ಹೃದಯದ ಕವಾಟ ಮತ್ತು ಮಹಾಪಧಮನಿಗೂ ತೊಂದರೆ ಇರಬಹುದಾದ್ದರಿಂದ ಎಕೋ ಮಾಡಿಸಬೇಕು. ಕೋಶಗಳು ಹೊರಮೈಯನ್ನೂ ದಾಟಿ ಹೋದರೆ ಕಲ್ಲುಹಾಸಿನಂಥ ಉಬ್ಬುತಗ್ಗು ಉಂಟಾಗುತ್ತದೆ. ಜೊತೆಗೆ ಸ್ನಾಯು ದೌರ್ಬಲ್ಯವಿದ್ದರೆ ರಕ್ತದಲ್ಲಿ ಸಿಕೆ (ಸ್ನಾಯು ಹಾಳಾದಾಗ ಏರುವ ಕಿಣ್ವ) ಪ್ರಮಾಣ ನೋಡಿಸಿ.

ಐದನೇ ತಿಂಗಳ ಅನಾಮಲಿ ಸ್ಕ್ಯಾನ್ ಸರಿಯಿತ್ತು. ಇದೆಲ್ಲ ಆಗ ಏಕೆ ಗೊತ್ತಾಗಲಿಲ್ಲ?

ಹೆರಿಗೆ ವೈದ್ಯರ ಲೆಕ್ಕದ 18–20 ವಾರಕ್ಕೆ ಎಲ್ಲ ಭ್ರೂಣಗಳ ಮಿದುಳೂ ಹೆಚ್ಚುಕಮ್ಮಿ ನುಣುಪೇ. ಮುಖ್ಯ ಮಡಿಕೆಗಳು ಮೂಡುವುದು ಆರನೇ ತಿಂಗಳಿನಿಂದಾಚೆಗೆ. ಆದ್ದರಿಂದ ಆ ಸ್ಕ್ಯಾನ್ ಲಿಸೆನ್ಸೆಫಲಿ ಇಲ್ಲವೆಂದು ಖಾತ್ರಿ ಕೊಡಲಾರದು, ಮಾಡಿದವರ ತಪ್ಪೂ ಅಲ್ಲ. ಮನೆತನದಲ್ಲಿ ಇಂಥ ಮಗು ಇದ್ದರೆ ಮೊದಲೇ ಹೇಳಿ. 28–32 ವಾರದ ನಡುವೆ ಭ್ರೂಣದ ಎಂಆರ್‌ಐ ಮಾಡಿಸಿದರೆ ಮಡಿಕೆಗಳನ್ನು ವಾರಕ್ಕೆ ತಕ್ಕಂತಿವೆಯೇ ಎಂದು ಹೋಲಿಸಬಹುದು. ಜೀನ್ ದೋಷ ಮೊದಲೇ ಗೊತ್ತಿದ್ದರೆ ಅಷ್ಟು ಕಾಯಬೇಕಿಲ್ಲ, 11–13 ವಾರದಲ್ಲೇ ಜರಾಯುವಿನ ಮಾದರಿ ತೆಗೆದು ನೋಡಬಹುದು.

ಮೈಕ್ರೋಸೆಫಲಿಗೂ ಸೋದರಸಂಬಂಧದ ಮದುವೆಗೂ ನಂಟಿದೆಯೇ?

ಮೈಕ್ರೋಸೆಫಲಿ ಎಂದರೆ ತಲೆ ಮತ್ತು ಮಿದುಳು ಇರಬೇಕಾದ್ದಕ್ಕಿಂತ ಬಹಳ ಚಿಕ್ಕದಿರುವುದು. ವಂಶವಾಹಿ ಬಗೆಯದಕ್ಕೆ ನಂಟು ಇದೆ. ಎಎಸ್‌ಪಿಎಂ ಮೊದಲಾದ ಜೀನ್‌ಗಳು ಜನಕಕೋಶ ಸರಿಯಾಗಿ ಎರಡಾಗುವುದಕ್ಕೆ ಬೇಕು. ಕೆಟ್ಟಿದ್ದರೆ ಜನಕಕೋಶಗಳು ತಮ್ಮ ಸಂಖ್ಯೆ ಹೆಚ್ಚಿಸಿಕೊಳ್ಳುವ ಮೊದಲೇ ಮುಗಿದುಹೋಗುತ್ತವೆ, ಕಾರ್ಟೆಕ್ಸ್ ಕಿರಿದಾಗುತ್ತದೆ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರಷ್ಟೇ ಕಾಯಿಲೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಕರ್ನಾಟಕದಲ್ಲಿ ಇಂದಿಗೂ ಇದೆ. ಸೋದರಮಾವ ಮತ್ತು ಸೋದರಿಯ ಮಗಳ ಮದುವೆಯಲ್ಲಿ ಮಗುವಿನ ಜೀನ್‌ಗಳ ಎಂಟನೇ ಒಂದು ಪಾಲು, ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಹದಿನಾರನೇ ಒಂದು ಪಾಲು ಒಂದೇ ಪೂರ್ವಜರಿಂದ ಎರಡು ಸಲ ಬಂದ ಪ್ರತಿಗಳಾಗಿರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಭಾರತದ ಕುಟುಂಬಗಳಲ್ಲಿ ಎಎಸ್‌ಪಿಎಂ ದೋಷಗಳನ್ನು 2004ರಲ್ಲೇ ವರದಿ ಮಾಡಿದ್ದಾರೆ.

ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಸಂಭವ ಶೇಕಡಾ 25. "ಒಂದು ಮಗುವಿಗೆ ಬಂತು, ಇನ್ನು ಮೂರಕ್ಕೆ ಬರಲ್ಲ" ಎಂಬ ಲೆಕ್ಕ ತಪ್ಪು. ಮೊದಲು ಕಾಯಿಲೆ ಇರುವ ಮಗುವಿನಲ್ಲಿ ದೋಷ ಯಾವುದೆಂದು ಪತ್ತೆಮಾಡಿಸಿ, ಆಮೇಲೆ ಮುಂದಿನ ಬಸಿರು.

ತಲೆಸುತ್ತಳತೆಯನ್ನು ಸರಿಯಾಗಿ ತೆಗೆಯಿರಿ: ಹಿಗ್ಗದ ಟೇಪು, ಮುಂದೆ ಹುಬ್ಬಿನ ಮೇಲೆ, ಹಿಂದೆ ಅತಿ ಉಬ್ಬಿದ ಜಾಗದಲ್ಲಿ, ಮೂರು ಸಲ ಅಳೆದು ದೊಡ್ಡ ಅಂಕಿ. ಹೆರಿಗೆಯಲ್ಲಿ ತಲೆ ಒತ್ತಿರುವುದರಿಂದ 24 ಗಂಟೆ ಕಳೆದ ಮೇಲೆ ಇನ್ನೊಮ್ಮೆ ಅಳೆಯಬೇಕು. ದಿನ ತುಂಬಿದ ಮಗುವಿನಲ್ಲಿ ಗಂಡಿಗೆ 31.9, ಹೆಣ್ಣಿಗೆ 31.5 ಸೆಂಟಿಮೀಟರಿಗಿಂತ ಕಮ್ಮಿಯಿದ್ದರೆ ತಪಾಸಣೆ ಬೇಕು. ಜೀನ್ ಒಂದೇ ಕಾರಣವಲ್ಲ. ಸೈಟೊಮೆಗಾಲೊ ವೈರಸ್, ಝೀಕಾ ವೈರಸ್ ಸಹ ಜನಕಕೋಶಗಳನ್ನು ಕೊಲ್ಲುತ್ತವೆ. ಕರ್ನಾಟಕದ ಮೊದಲ ಝೀಕಾ ಪ್ರಕರಣ 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ದೃಢಪಟ್ಟಿತು.

ಬಸಿರಿಯಾಗುವವರು ಏನು ನೋಡಿಕೊಳ್ಳಬೇಕು?

ಫೋಲಿಕ್ ಆಮ್ಲ ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ. ನರನಾಳ 28ನೇ ದಿನಕ್ಕೆ ಮುಚ್ಚಿಬಿಡುತ್ತದೆ, ಎಷ್ಟೋ ಜನರಿಗೆ ಮುಟ್ಟು ನಿಂತದ್ದು ಖಾತ್ರಿಯಾಗುವುದೇ ಆಗ. ನಾಲ್ಕನೇ ತಿಂಗಳಿನಿಂದ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಮ್ಲ ಇದೆ, ರಕ್ತಹೀನತೆಗೆ ಅದು ಬೇಕು, ಆದರೆ ನರನಾಳಕ್ಕೆ ಅದು ತಡವಾಯಿತು. ಹಿಂದೆ ನರನಾಳ ದೋಷದ ಮಗು ಹುಟ್ಟಿದ್ದರೆ ಹತ್ತು ಪಟ್ಟಿನಷ್ಟು ಬೇಕಾಗುತ್ತದೆ, ವೈದ್ಯರು ಬರೆದುಕೊಡಬೇಕು. ಅಯೋಡಿನ್ ಉಪ್ಪು ಬಿಡಬೇಡಿ. ಮದ್ಯ ಬೇಡವೇ ಬೇಡ. ಮೂರ್ಛೆರೋಗಕ್ಕೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಬಸಿರಿಗೆ ಮುಂಚೆಯೇ ವೈದ್ಯರೊಂದಿಗೆ ಮಾತಾಡಿ ಬದಲಿಸಿ, ಸ್ವತಃ ನಿಲ್ಲಿಸಬೇಡಿ.

ಹಿರೋಶಿಮಾ, ನಾಗಸಾಕಿಯಲ್ಲಿ ಗರ್ಭದಲ್ಲಿದ್ದವರ ಅಧ್ಯಯನದಲ್ಲಿ ತೀವ್ರ ಬುದ್ಧಿಮಾಂದ್ಯದ ಅಪಾಯ ಅತಿ ಹೆಚ್ಚಿದ್ದದ್ದು ಗರ್ಭ ನಿಂತ ದಿನದಿಂದ ಎಣಿಸಿದ 8ರಿಂದ 15ನೇ ವಾರದೊಳಗೆ ವಿಕಿರಣ ತಗುಲಿದವರಲ್ಲಿ. ನರಕೋಶಗಳು ಭರದಿಂದ ಹುಟ್ಟಿ ಚಲಿಸುವ ಕಾಲ ಅದೇ. ಎದೆಯ ಒಂದು ಎಕ್ಸ್‌ರೇಯಲ್ಲಿ ಭ್ರೂಣಕ್ಕೆ ತಲುಪುವ ವಿಕಿರಣ ಅತ್ಯಲ್ಪ, ಹೆದರಬೇಕಿಲ್ಲ. ಅಲ್ಟ್ರಾಸೌಂಡಿನಲ್ಲಿ ಅಂಥ ವಿಕಿರಣವೇ ಇಲ್ಲ.

ಹುಟ್ಟಿದ ಮೇಲೆ ಕಾರ್ಟೆಕ್ಸಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆಯೇ?

ನಿಯೊಕಾರ್ಟೆಕ್ಸಿನಲ್ಲಿ ಹುಟ್ಟುವುದಿಲ್ಲ ಎನ್ನಬಹುದು. ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಕಾರ್ಬನ್-14 ಡಿಎನ್‌ಎಯಲ್ಲಿ ಎಷ್ಟಿದೆ ಎಂದು ಅಳೆದಾಗ ಆ ನರಕೋಶಗಳ ವಯಸ್ಸು ವ್ಯಕ್ತಿಯ ವಯಸ್ಸಿನಷ್ಟೇ ಎಂದು 2006ರಲ್ಲಿ ಗೊತ್ತಾಯಿತು. ಬದಲಾಗುವುದು ಜೋಡಣೆಗಳು. ಎಳವೆಯಲ್ಲಿ ಅವು ಅಗತ್ಯಕ್ಕಿಂತ ಹೆಚ್ಚು ಮೂಡಿ, ಬಳಸದವು ಸವರಿಹೋಗುತ್ತವೆ. ಮುಂಭಾಗದಲ್ಲಿ ಇದು ಹರೆಯ ದಾಟಿಯೂ ನಡೆಯುತ್ತದೆ. ಹುಟ್ಟಿನಿಂದ ಒಂದೇ ಕಣ್ಣಿಗೆ ದಟ್ಟ ಪೊರೆಯಿದ್ದರೆ ಆರು ವಾರದೊಳಗೆ ಶಸ್ತ್ರಚಿಕಿತ್ಸೆ ಆಗಬೇಕೆನ್ನುವುದು ಇದಕ್ಕೇ. ತಡವಾದರೆ ಕಣ್ಣು ಸರಿಯಾದರೂ ಕಾರ್ಟೆಕ್ಸ್ ಆ ಕಣ್ಣನ್ನು ಕೈಬಿಟ್ಟಿರುತ್ತದೆ.

ಎಂಎಸ್ಸಿ ಪ್ರಾಜೆಕ್ಟಿಗೆ ನರಕೋಶದ ಹುಟ್ಟುದಿನ ಗುರುತಿಸಬೇಕು. ಎಲ್ಲಿ ತಪ್ಪಾಗುತ್ತದೆ?

ಪ್ರಾಣಿ ನೈತಿಕ ಸಮಿತಿಯ ಅನುಮತಿ ಮೊದಲು. ಪ್ಲಗ್ (ಕೂಡಿದ ಮೇಲೆ ಹೆಣ್ಣಿಲಿಯ ಯೋನಿಯಲ್ಲಿ ಉಳಿಯುವ ಬಿರಡೆ) ಕಂಡ ದಿನದ ಮಧ್ಯಾಹ್ನವನ್ನು ಇ0.5, ಅಂದರೆ ಭ್ರೂಣದ ಅರ್ಧನೇ ದಿನ, ಎನ್ನುತ್ತೀರೋ ಬೇರೆ ಲೆಕ್ಕವೋ, ಪುಸ್ತಕದಲ್ಲಿ ಬರೆದಿಡಿ. ಒಂದು ದಿನ ಆಚೀಚೆಯಾದರೆ ಪದರವೇ ಬೇರೆ. ಚಿಟ್ಟಿಲಿಯಲ್ಲಿ ಇ12.5ಕ್ಕೆ ಮುಖ್ಯವಾಗಿ ಆರನೆಯ ಪದರ, ಇ13.5ಕ್ಕೆ ಐದು, ಇ14.5ಕ್ಕೆ ನಾಲ್ಕು, ಇ15.5ಕ್ಕೆ ಎರಡು-ಮೂರು.

ಒಡೆಯುವ ಕೋಶದ ಡಿಎನ್‌ಎಗೆ ಸೇರಿ ಗುರುತು ಉಳಿಸುವ ವಸ್ತು ಬಿಆರ್‌ಡಿಯು ಆದರೆ ಕೆಜಿಗೆ 50 ಮಿಲಿಗ್ರಾಂ, ಹೊಟ್ಟೆಯೊಳಕ್ಕೆ ಒಂದು ಚುಚ್ಚುಮದ್ದು. ಡಿಎನ್‌ಎ ಬಿಡಿಸಲು 2 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 37 ಡಿಗ್ರಿಗೆ 30 ನಿಮಿಷ. ಈ ಆಮ್ಲ ಇತರ ಗುರುತುಗಳನ್ನು ಹಾಳುಮಾಡಬಹುದು, ಆದ್ದರಿಂದ ಬೇರೆ ಆ್ಯಂಟಿಬಾಡಿ ಬಣ್ಣ ಮೊದಲು ಮುಗಿಸಿ. ಅಂಥದೇ ಇನ್ನೊಂದು ಗುರುತು ಇಡಿಯು ಬಳಸಿದರೆ ಆಮ್ಲದ ಹಂತವೇ ಬೇಡ. ಎಣಿಸುವಾಗ ಪೂರ್ತಿ ತುಂಬಿದ ಕೋಶಕೇಂದ್ರಗಳನ್ನಷ್ಟೇ ತೆಗೆದುಕೊಳ್ಳಿ. ಚುಕ್ಕಿಚುಕ್ಕಿಯಾಗಿ ಕಾಣುವವು ಆಮೇಲೂ ಒಡೆದು ಗುರುತು ತೆಳುವಾದವು. ಪದರ ಖಚಿತಪಡಿಸುವ ಗುರುತು ಪ್ರೋಟೀನ್‌ಗಳು: ಎರಡರಿಂದ ನಾಲ್ಕಕ್ಕೆ ಕಕ್ಸ್1, ಐದಕ್ಕೆ ಸಿಟಿಪ್2, ಆರಕ್ಕೆ ಟಿಬಿಆರ್1. ಮರಿಗಳನ್ನು ಹುಟ್ಟಿದ ವಾರದೊಳಗೇ ತೆಗೆದರೆ ಮೇಲಿನ ಪದರದ ಕೋಶಗಳು ಇನ್ನೂ ದಾರಿಯಲ್ಲಿರಬಹುದು. ಅದನ್ನು "ಚಲನೆಯ ದೋಷ" ಎಂದು ಬರೆಯಬೇಡಿ.

ಮನೆಯಲ್ಲೋ ಶಾಲೆಯಲ್ಲೋ ಕಾರ್ಟೆಕ್ಸನ್ನು ಕಣ್ಣಾರೆ ನೋಡಬಹುದೇ?

ಮಟನ್ ಅಂಗಡಿಯಲ್ಲಿ ಕುರಿಯ ಭೇಜಾ ಇಡಿಯಾಗಿ ಬೇಕೆಂದು ಮೊದಲೇ ಹೇಳಿಡಿ, ಇಲ್ಲದಿದ್ದರೆ ಮಚ್ಚಿನಲ್ಲಿ ತಲೆ ಸೀಳುವಾಗ ನಡುವೆ ತುಂಡಾಗುತ್ತದೆ. ಕೋಳಿಯದೂ ಒಂದು ತನ್ನಿ. ಗ್ಲೌಸ್ ಹಾಕಿಕೊಂಡು ತಣ್ಣೀರಿನಲ್ಲಿ ತೊಳೆದು, ರಕ್ತನಾಳಗಳಿರುವ ತೆಳುಪೊರೆಯನ್ನು ಚಿಮುಟದಿಂದ ಮೆಲ್ಲಗೆ ಸುಲಿಯಿರಿ. ಹಸಿ ಮಿದುಳು ಬೆರಳಿಗೆ ಕುಸಿಯುವಷ್ಟು ಮೃದು. ಶಾಲೆಯ ಲ್ಯಾಬಿನಲ್ಲಾದರೆ ಮಿದುಳಿನ ಗಾತ್ರದ ಹತ್ತು ಪಟ್ಟಿನಷ್ಟು ಶೇಕಡಾ 10ರ ಫಾರ್ಮಾಲಿನ್‌ನಲ್ಲಿ ಎರಡು ವಾರ ಇಟ್ಟು, ಆಮೇಲೆ ಒಂದು ದಿನ ನೀರಿನಲ್ಲಿ ನೆನೆಸಿ ಬಳಸಿ. ಮನೆಯಲ್ಲಿ ಫಾರ್ಮಾಲಿನ್ ಬೇಡ, ಫ್ರೀಜರಿನಲ್ಲಿ ಅರೆಗಟ್ಟಿಯಾಗುವವರೆಗೆ ಇಟ್ಟರೆ ಸಾಕು. ಹರಿತವಾದ ಉದ್ದನೆಯ ಚಾಕುವಿನಿಂದ ಒಂದೇ ಎಳೆತಕ್ಕೆ ಅಡ್ಡ ಕತ್ತರಿಸಿ. ಹಿಂದೆಮುಂದೆ ಗರಗಸದಂತೆ ಎಳೆದರೆ ಅಂಚು ಕಲಸಿಹೋಗುತ್ತದೆ. ಕತ್ತರಿಸಿದ ಮುಖದಲ್ಲಿ ಹೊರಗಿನ ಬೂದು ಪಟ್ಟಿ ಸೀಳುಗಳ ಒಳಗೂ ಇಳಿದು ತಿರುಗಿ ಮೇಲೇಳುವುದು ಚೆನ್ನಾಗಿ ಕಾಣುತ್ತದೆ. ಅದರ ಒಳಗೆ ಬಿಳಿ ದ್ರವ್ಯ. ಕೋಳಿಯ ಮಿದುಳು ಹೊರಗೆ ನುಣುಪು, ಒಳಗೆ ಈ ಪಟ್ಟಿಯಿಲ್ಲ. ಆರು ಪದರಗಳು ಬರಿಗಣ್ಣಿಗೆ ಕಾಣವು, ಅದಕ್ಕೆ ಬಣ್ಣ ಹಾಕಿದ ತೆಳು ಛೇದವೂ ಸೂಕ್ಷ್ಮದರ್ಶಕವೂ ಬೇಕು. ಪ್ರಯೋಗಕ್ಕೆ ಬಳಸಿದ್ದನ್ನು ಅಡುಗೆಗೆ ಬಳಸಬೇಡಿ.

ಮನುಷ್ಯನ ಮಿದುಳನ್ನು ಹತ್ತಿರದಿಂದ ನೋಡಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ವಸ್ತುಸಂಗ್ರಹಾಲಯವಿದೆ. ಭ್ರೂಣದ ಮಿದುಳಿನ ಪದರಗಳಿಗೆ ಐಐಟಿ ಮದ್ರಾಸ್ 2024ರಲ್ಲಿ ಬಿಡುಗಡೆ ಮಾಡಿದ "ಧರಣಿ" ನಕ್ಷಾಸಂಚಯ ನೋಡಿ. ಎರಡನೇ ತ್ರೈಮಾಸಿಕದ ಭ್ರೂಣಗಳ ಮಿದುಳಿನ 5,132 ಛೇದಗಳು ಅದರಲ್ಲಿವೆ, ಯಾರು ಬೇಕಾದರೂ ಉಚಿತವಾಗಿ ತೆರೆದು ನೋಡಬಹುದು. ಸಬ್‌ಪ್ಲೇಟ್ ಎಷ್ಟು ದಪ್ಪಗಿರುತ್ತದೆ ಎಂಬುದನ್ನು ಅಲ್ಲಿ ನೀವೇ ಅಳೆದು ನೋಡಿ.